ಜಾರ್ಜ್ ಕ್ಯೂಕರ್ ಮತ್ತು ಅವರ ನಾಯಕಿಯರು

ಹಾಲಿವುಡ್ಡಿನ ಚರಿತ್ರೆಯಲ್ಲಿ ಜಾರ್ಜ್ ಕ್ಯೂಕರ್ ಎಂಬ ಹೆಸರು ಬಂದಲ್ಲೆಲ್ಲ ‘ಮಹಿಳೆಯರ ನಿರ್ದೇಶಕ’ ಎಂಬ ಬಿರುದೂ ಬೆನ್ನಿಗೇ ಬರುತ್ತದೆ. ಕ್ಯಾಥರೀನ್ ಹೆಪ್‌ಬರ್ನ್, ಗ್ರೇಟಾ ಗಾರ್ಬೊ, ಇಂಗ್ರಿಡ್ ಬರ್ಗ್‌ಮನ್, ಜೂಡಿ ಗಾರ್ಲೆಂಡ್, ಆಡ್ರಿ ಹೆಪ್‌ಬರ್ನ್ ಇವರೆಲ್ಲ ಅವರ ಚಿತ್ರಗಳ ನಾಯಕಿಯರು. ಪಟ್ಟಿ ನೋಡಿದರೆ ಬಿರುದು ಸರಿಯೆನಿಸುತ್ತದೆ. ಆದರೆ ನೀವು ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಕ್ಯೂಕರ್ ಚಿತ್ರಗಳಲ್ಲಿ ಅಭಿನಯಿಸಿ ಶ್ರೇಷ್ಠ ನಟಿಯ ಆಸ್ಕರ್ ಪಡೆದವರು ಇಬ್ಬರು: ಇಂಗ್ರಿಡ್ ಬರ್ಗ್‌ಮನ್ ಮತ್ತು ಜೂಡಿ ಹಾಲಿಡೇ. ಶ್ರೇಷ್ಠ ನಟನ ಆಸ್ಕರ್ ಪಡೆದವರು ಮೂವರು: ಜೇಮ್ಸ್ ಸ್ಟುವರ್ಟ್, ರೊನಾಲ್ಡ್ ಕೋಲ್ಮನ್ ಮತ್ತು ರೆಕ್ಸ್ ಹ್ಯಾರಿಸನ್. ಹಾಗಾದರೆ ಈ ಬಿರುದು ಹುಟ್ಟಿದ್ದು ಹೇಗೆ?

ಅದಕ್ಕೆ ಮೊದಲು ಅಂದಿನ ಸ್ಟುಡಿಯೋ ವ್ಯವಸ್ಥೆಯನ್ನು ತಿಳಿಯಬೇಕು. 1930ರ ದಶಕದಲ್ಲಿ ಎಂ.ಜಿ.ಎಂ., ವಾರ್ನರ್, ಪ್ಯಾರಾಮೌಂಟ್, ಆರ್.ಕೆ.ಓ. ಮೊದಲಾದ ಸ್ಟುಡಿಯೋಗಳು ದೊಡ್ಡ ಕಾರ್ಖಾನೆಗಳಂತೆ ನಡೆಯುತ್ತಿದ್ದವು. ತಾರೆಯರು ಸಾಮಾನ್ಯವಾಗಿ ಏಳು ವರ್ಷಗಳ ಕರಾರಿಗೆ ಸಹಿ ಹಾಕಿದ ಸಂಬಳದಾರರು. ಯಾವ ಪಾತ್ರ, ಯಾರ ಜೊತೆ ಎಂಬುದನ್ನು ನಿರ್ಧರಿಸುವುದು ಸ್ಟುಡಿಯೋ. ಪಾತ್ರ ಒಲ್ಲೆನೆಂದರೆ ಸಂಬಳವಿಲ್ಲದೆ ಅಮಾನತು. ಆ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ನೆರೆಮನೆಗೆ ಪಾತ್ರೆಪಗಡ ಎರವಲು ಕೊಡುವಂತೆ ನಟಿಯನ್ನು ಬೇರೊಂದು ಸ್ಟುಡಿಯೋಗೆ ಎರವಲು ಕೊಡುವುದೂ ಇತ್ತು. ನಿರ್ದೇಶಕನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಚಿತ್ರೀಕರಣ ಮುಗಿದ ಮೇಲೆ ರೀಲುಗಳನ್ನು ಎಲ್ಲಿ ಕತ್ತರಿಸಬೇಕೆಂಬ ಕೊನೆಯ ಮಾತು ಸ್ಟುಡಿಯೋದ್ದು.

1899ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಕ್ಯೂಕರ್ ರಂಗಭೂಮಿಯಿಂದ ಬಂದವರು. ಮೂಕಚಿತ್ರಗಳು ಮಾತು ಕಲಿಯುತ್ತಿದ್ದ 1929ರಲ್ಲಿ, ಸಂಭಾಷಣೆ ಹೇಳಿಸಲು ಬಲ್ಲವರು ಬೇಕಾಗಿ, ಹಾಲಿವುಡ್ ಅವರನ್ನು ಕರೆಸಿಕೊಂಡಿತು. 1932ರಲ್ಲಿ ಒಬ್ಬ ಹೊಸ ನಟಿಯ ಪರೀಕ್ಷಾ ಚಿತ್ರವನ್ನು ಅವರು ನೋಡಿದರು. ಆಕೆಯ ರೂಪ ಅಂದಿನ ಅಚ್ಚಿಗೆ ಹೊಂದುವಂತಿರಲಿಲ್ಲ, ಧ್ವನಿಯೂ ವಿಚಿತ್ರ. ಆದರೆ ಕ್ಯಾಮೆರಾಕ್ಕೆ ಬೆನ್ನು ಮಾಡಿ ಆಕೆ ಒಂದು ಲೋಟವನ್ನು ಎತ್ತಿಕೊಂಡ ಬಗೆ ಅವರ ಮನಸ್ಸಿನಲ್ಲಿ ನಿಂತಿತು. ಆಕೆಯೇ ಕ್ಯಾಥರೀನ್ ಹೆಪ್‌ಬರ್ನ್. ಮುಂದೆ ಇಬ್ಬರೂ ಎಂಟು ಚಲನಚಿತ್ರಗಳನ್ನೂ ಎರಡು ಟೆಲಿವಿಷನ್ ಚಿತ್ರಗಳನ್ನೂ ಒಟ್ಟಿಗೆ ಮಾಡಿದರು.

1938ರಲ್ಲಿ ಅಮೆರಿಕದ ಚಿತ್ರಮಂದಿರ ಮಾಲೀಕರ ಸಂಘವೊಂದು ಹೆಪ್‌ಬರ್ನ್ ಮುಂತಾದ ತಾರೆಯರನ್ನು ಗಲ್ಲಾಪೆಟ್ಟಿಗೆಗೆ ವಿಷವೆಂದು ಜಾಹೀರಾತು ಕೊಟ್ಟು ಸಾರಿತು. ಆಕೆ ಅಳುತ್ತ ಕೂರಲಿಲ್ಲ. ತಾನು ರಂಗದಲ್ಲಿ ಅಭಿನಯಿಸಿ ಗೆದ್ದ ‘ದ ಫಿಲಡೆಲ್ಫಿಯಾ ಸ್ಟೋರಿ’ ನಾಟಕದ ಚಿತ್ರಹಕ್ಕು ಹೋವರ್ಡ್ ಹ್ಯೂಸ್ ಮೂಲಕ ಆಕೆಯ ಕೈಗೆ ಬಂದಿತ್ತು. ಅದನ್ನು ಎಂ.ಜಿ.ಎಂ.ಗೆ ಮಾರುವಾಗ ನಾಯಕಿ ತಾನೇ, ನಿರ್ದೇಶಕರು ಕ್ಯೂಕರ್ ಎಂಬ ಷರತ್ತು ಹಾಕಿದಳು. 1940ರ ಆ ಚಿತ್ರ ಭರ್ಜರಿಯಾಗಿ ಗೆದ್ದಿತು. ಗರ್ವದ ಹೆಣ್ಣೊಬ್ಬಳಿಗೆ ಗಂಡಸರು ಸರದಿಯಲ್ಲಿ ಬುದ್ಧಿ ಹೇಳುವ ಕಥೆ ಇಂದಿನ ವಿದ್ಯಾರ್ಥಿನಿಯರಿಗೆ ಸಿಟ್ಟು ತರಿಸಿದರೆ ಆಶ್ಚರ್ಯವಿಲ್ಲ. ಆದರೆ ಕಥೆಯ ಆಚೆ, ಕಾಗದಪತ್ರದಲ್ಲಿ, ಹಿಡಿತ ಇದ್ದದ್ದು ಆಕೆಯದೇ.

ಬಿರುದಿನ ಮಾತಿಗೆ ಬರೋಣ. ‘ಗಾನ್ ವಿತ್ ದ ವಿಂಡ್’ ಚಿತ್ರಕ್ಕಾಗಿ ಕ್ಯೂಕರ್ ಸುಮಾರು ಎರಡು ವರ್ಷ ಸಿದ್ಧತೆ ನಡೆಸಿದ್ದರು. 1939ರ ಜನವರಿಯಲ್ಲಿ ಚಿತ್ರೀಕರಣ ಆರಂಭವಾಯಿತು. ಮೂರು ವಾರ ತುಂಬುವುದರೊಳಗೆ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರನ್ನು ತೆಗೆದುಹಾಕಿದರು. ಚಿತ್ರಕಥೆ ಮತ್ತು ಚಿತ್ರದ ಗತಿಯ ಬಗ್ಗೆ ಭಿನ್ನಾಭಿಪ್ರಾಯವಿದ್ದುದು ನಿಜ. ಆದರೆ ನಾಯಕಿಯರ ಕಡೆಗೇ ಗಮನವಿಟ್ಟು ನಾಯಕ ಕ್ಲಾರ್ಕ್ ಗೇಬಲ್‌ನನ್ನು ಕಡೆಗಣಿಸಿದರು ಎಂಬ ಮಾತೂ ಹಬ್ಬಿತು. ಕ್ಯೂಕರ್ ಸಲಿಂಗಾಸಕ್ತರು. ಅಂದಿನ ಅಮೆರಿಕದಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲವಾದ್ದರಿಂದ, ಹಾಲಿವುಡ್ಡಿನಲ್ಲಿ ‘ಮಹಿಳೆಯರ ನಿರ್ದೇಶಕ’ ಎಂಬ ಮಾತಿನೊಳಗೆ ಒಂದು ಚುಚ್ಚುನುಡಿಯೂ ಅಡಗಿತ್ತು.

ಮುಂದಿನ ಸಂಗತಿ ಸ್ವಾರಸ್ಯವಾಗಿದೆ. ಹೊಸ ನಿರ್ದೇಶಕ ವಿಕ್ಟರ್ ಫ್ಲೆಮಿಂಗ್ ಬಂದ ಮೇಲೂ ವಿವಿಯನ್ ಲೀ ಗುಟ್ಟಾಗಿ ಕ್ಯೂಕರ್ ಬಳಿ ಹೋಗಿ ತನ್ನ ದೃಶ್ಯಗಳನ್ನು ತಿದ್ದಿಸಿಕೊಳ್ಳುತ್ತಿದ್ದಳು. ಒಲಿವಿಯಾ ಡಿ ಹ್ಯಾವಿಲೆಂಡ್ ಕೂಡ ಹಾಗೆಯೇ ಹೋಗುತ್ತಿದ್ದಳು, ಒಬ್ಬಳು ಹೋಗುವುದು ಇನ್ನೊಬ್ಬಳಿಗೆ ತಿಳಿಯದಂತೆ! ಇದೇ ಒಲಿವಿಯಾ 1943ರಲ್ಲಿ ವಾರ್ನರ್ ಸ್ಟುಡಿಯೋದ ಮೇಲೆ ದಾವೆ ಹೂಡಿದಳು. ಏಳು ವರ್ಷ ಎಂದರೆ ಕ್ಯಾಲೆಂಡರಿನ ಏಳೇ ವರ್ಷ, ಅಮಾನತಿನ ದಿನಗಳನ್ನು ಸೇರಿಸುತ್ತ ಹೋಗುವಂತಿಲ್ಲ ಎಂಬ ತೀರ್ಪು 1944ರಲ್ಲಿ ಮೇಲ್ಮನವಿ ನ್ಯಾಯಾಲಯದಿಂದ ಬಂದಿತು.

‘ಗಾನ್ ವಿತ್ ದ ವಿಂಡ್’ನಿಂದ ಹೊರಬಿದ್ದ ವರ್ಷವೇ ಕ್ಯೂಕರ್ ‘ದ ವಿಮೆನ್’ ಮಾಡಿದರು. ತೆರೆಯ ಮೇಲೆ ಒಬ್ಬ ಗಂಡಸೂ ಇಲ್ಲದ ಚಿತ್ರ ಅದು. ಎಲ್ಲವೂ ಗೆಲ್ಲಲಿಲ್ಲ. ‘ಕಮೀಲ್’ ಚಿತ್ರದಲ್ಲಿ ಗಾರ್ಬೊಳಿಂದ ಅಪೂರ್ವ ಅಭಿನಯ ಪಡೆದ ಇವರೇ, 1941ರಲ್ಲಿ ‘ಟೂ ಫೇಸ್ಡ್ ವುಮನ್’ ಎಂಬ ತೆಳು ಹಾಸ್ಯಚಿತ್ರದಲ್ಲಿ ಆಕೆಯನ್ನು ಕುಣಿಸಿದರು. ಅದೇ ಆಕೆಯ ಕೊನೆಯ ಚಿತ್ರವಾಯಿತು.

ವಿಜ್ಞಾನದ ವಿದ್ಯಾರ್ಥಿಗಳು 1944ರ ‘ಗ್ಯಾಸ್‌ಲೈಟ್’ ಚಿತ್ರವನ್ನು ತಪ್ಪದೆ ನೋಡಬೇಕು. ಲಂಡನ್ನಿನ ಹಳೆಯ ಮನೆ. ಗಂಡ ರಾತ್ರಿ ಹೊರಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಹೆಂಡತಿಯ ಕೋಣೆಯ ಗ್ಯಾಸ್ ದೀಪ ತಾನಾಗಿ ಮಂಕಾಗುತ್ತದೆ. ಅದೆಲ್ಲ ನಿನ್ನ ಭ್ರಮೆ ಎಂದು ಗಂಡ ಅವಳನ್ನು ನಂಬಿಸುತ್ತಾನೆ. ನಿಜವೆಂದರೆ ಅವನು ಕಳ್ಳದಾರಿಯಿಂದ ಅಟ್ಟಕ್ಕೆ ಬಂದು, ಅಲ್ಲಿ ದೀಪ ಹಚ್ಚಿ ಒಡವೆ ಹುಡುಕುತ್ತಿರುತ್ತಾನೆ. ಕೆಳಗಿನ ಮನೆಯ ನಲ್ಲಿ ತಿರುಗಿಸಿದರೆ ಮಹಡಿಯ ನಲ್ಲಿ ಸಣ್ಣಗಾಗುವುದನ್ನು ನೀವು ಕಂಡಿದ್ದೀರಿ. ಇದೂ ಹಾಗೆಯೇ: ಒಂದೇ ಕೊಳವೆಯಿಂದ ಎರಡು ದೀಪ ಉರಿದಾಗ ಒತ್ತಡ ಕುಗ್ಗಿ ಜ್ವಾಲೆ ತಗ್ಗುತ್ತದೆ. ಅಂದರೆ ಆ ಹೆಣ್ಣಿನ ಹುಚ್ಚಿಗೆ ಸಾಕ್ಷಿಯೆಂದು ತೋರಿಸಿದ ದೀಪವೇ ಅವಳ ಸ್ವಸ್ಥ ಬುದ್ಧಿಗೆ ಸಾಕ್ಷಿ. ತನ್ನ ಕಣ್ಣನ್ನೇ ನಂಬಲಾರದ ಆ ಸ್ಥಿತಿಯನ್ನು ಬರ್ಗ್‌ಮನ್ ಕಿರುಚಾಟವಿಲ್ಲದೆ, ತಡವರಿಸುವ ನೋಟದಲ್ಲೇ ತೋರಿಸುತ್ತಾಳೆ. ಈ ಕಥೆಯಿಂದ ಬಂದ ‘ಗ್ಯಾಸ್‌ಲೈಟಿಂಗ್’ ಎಂಬ ಪದವನ್ನು ಮೆರಿಯಮ್ ವೆಬ್‌ಸ್ಟರ್ ನಿಘಂಟು 2022ರಲ್ಲಿ ವರ್ಷದ ಪದವೆಂದು ಆರಿಸಿತು.

ನಮ್ಮ ವೃತ್ತಿಯವರು ಮತ್ತೆ ಮತ್ತೆ ನೋಡುವ ದೃಶ್ಯ 1949ರ ‘ಆಡಮ್ಸ್ ರಿಬ್’ ಚಿತ್ರದಲ್ಲಿದೆ. ಗಂಡನ ಮೇಲೆ ಗುಂಡು ಹಾರಿಸಿದ ಹೆಂಗಸನ್ನು ವಕೀಲೆ ಸೆರೆಮನೆಯಲ್ಲಿ ಪ್ರಶ್ನಿಸುತ್ತಾಳೆ. ಕ್ಯಾಮೆರಾ ಅಲುಗಾಡುವುದಿಲ್ಲ, ದೃಶ್ಯ ನಿಮಿಷಗಟ್ಟಲೆ ತುಂಡಾಗದೆ ಸಾಗುತ್ತದೆ. ತಾರೆಯಾದ ಹೆಪ್‌ಬರ್ನ್ ಪಕ್ಕಕ್ಕೆ ಸರಿದು ಕೂತು, ಹೊಸಬಳಾದ ಜೂಡಿ ಹಾಲಿಡೇಗೆ ಜಾಗ ಬಿಟ್ಟಿದ್ದಾಳೆ. ‘ಬಾರ್ನ್ ಯೆಸ್ಟರ್‌ಡೇ’ ಚಿತ್ರಕ್ಕೆ ಹಾಲಿಡೇ ಬೇಡವೆನ್ನುತ್ತಿದ್ದ ಕೊಲಂಬಿಯಾ ಸ್ಟುಡಿಯೋದ ಮುಖ್ಯಸ್ಥರು ಕಡೆಗೆ ಒಪ್ಪಿದರು. 1950ರ ಆ ಚಿತ್ರ ಅವಳಿಗೆ ಆಸ್ಕರ್ ತಂದಿತು. ತುಂಡಾಗದ ದೃಶ್ಯಕ್ಕೆ ಇನ್ನೊಂದು ಉಪಯೋಗವಿದೆ: ಅದನ್ನು ಬೇರೆಯವರು ಸುಲಭವಾಗಿ ಕತ್ತರಿಸಲಾರರು.

ಕತ್ತರಿಯ ಏಟು ಬಿದ್ದದ್ದು 1954ರ ‘ಎ ಸ್ಟಾರ್ ಈಸ್ ಬಾರ್ನ್’ ಮೇಲೆ. ಜೂಡಿ ಗಾರ್ಲೆಂಡ್ ಜೀವ ತೇದು ಅಭಿನಯಿಸಿದ ಈ ಚಿತ್ರ ಮೊದಲ ಪ್ರದರ್ಶನದಲ್ಲಿ ಮೂರು ಗಂಟೆಯಷ್ಟಿತ್ತು. ದಿನಕ್ಕೆ ಒಂದು ಆಟ ಹೆಚ್ಚು ನಡೆಯಲೆಂದು ವಾರ್ನರ್ ಸ್ಟುಡಿಯೋ ಸುಮಾರು 27 ನಿಮಿಷಗಳನ್ನು ಕತ್ತರಿಸಿತು. ಗಾರ್ಲೆಂಡ್‌ಗೆ ಆಸ್ಕರ್ ಬರಲಿಲ್ಲ. ಕ್ಯೂಕರ್ ಆಗ ಮುಂದಿನ ಚಿತ್ರ ‘ಭವಾನಿ ಜಂಕ್ಷನ್’ ಸಿದ್ಧತೆಗಾಗಿ ನಮ್ಮ ಉಪಖಂಡದ ಕಡೆ ಬಂದಿದ್ದರು.

ಬ್ರಿಟಿಷರು ಹೊರಡುವ ಕಾಲದ ಭಾರತದಲ್ಲಿ ಆಂಗ್ಲೋ ಇಂಡಿಯನ್ ಯುವತಿ ವಿಕ್ಟೋರಿಯಾ ಜೋನ್ಸ್ ತಾನು ಯಾರವಳು ಎಂದು ಹುಡುಕುವ ಕಥೆ ಅದು. ಭಾರತ ಸರ್ಕಾರದೊಡನೆ ಮಾತು ಕುದುರದೆ ಲಾಹೋರಿನಲ್ಲಿ ಚಿತ್ರೀಕರಣ ನಡೆಯಿತು. ಲಾಹೋರಿನ ರೈಲು ನಿಲ್ದಾಣವೇ ಭವಾನಿಯಾಯಿತು. ಹುಬ್ಬಳ್ಳಿಯ ರೈಲ್ವೆ ಕಾಲೊನಿಯನ್ನೋ ಕೋಲಾರದ ಚಿನ್ನದ ಗಣಿಯನ್ನೋ ಬಲ್ಲವರಿಗೆ ಈ ಸಮುದಾಯ ಅಪರಿಚಿತವಲ್ಲ. ಏವಾ ಗಾರ್ಡ್ನರ್ ಪಾತ್ರವನ್ನು ಚೆನ್ನಾಗಿಯೇ ನಿರ್ವಹಿಸಿದಳು. ಮುನ್ನೋಟದ ಪ್ರದರ್ಶನಗಳ ನಂತರ ಎಂ.ಜಿ.ಎಂ. ಚಿತ್ರವನ್ನು ಕತ್ತರಿಸಿ ಮರುಜೋಡಿಸಿತು. 1956ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ವಿಕ್ಟೋರಿಯಾಳ ಕಥೆಯನ್ನು ಹೇಳುವುದು ಒಬ್ಬ ಇಂಗ್ಲಿಷ್ ಕರ್ನಲ್‌ನ ಧ್ವನಿ!

1964ರ ‘ಮೈ ಫೇರ್ ಲೇಡಿ’ಗೆ ಕ್ಯೂಕರ್ ಅವರಿಗೂ ಆಸ್ಕರ್ ದೊರೆಯಿತು, ಐದನೆಯ ನಾಮಕರಣದಲ್ಲಿ. 1975ರ ‘ಲವ್ ಅಮಂಗ್ ದ ರೂಯಿನ್ಸ್’ ಎಂಬ ಟೆಲಿವಿಷನ್ ಚಿತ್ರ ಅವರಿಗೂ ಹೆಪ್‌ಬರ್ನ್‌ಗೂ ಎಮ್ಮಿ ಪ್ರಶಸ್ತಿ ತಂದಿತು.

1983ರ ಜನವರಿ 24ರಂದು ಅವರು ತೀರಿಕೊಂಡರು. ಅದೇ ಜುಲೈನಲ್ಲಿ ‘ಎ ಸ್ಟಾರ್ ಈಸ್ ಬಾರ್ನ್’ ಚಿತ್ರವನ್ನು ಸಾಧ್ಯವಾದಷ್ಟು ಮೊದಲಿನಂತೆ ಜೋಡಿಸಿ ತೋರಿಸಲಾಯಿತು. ಧ್ವನಿಪಥ ಪೂರ್ಣವಾಗಿ ಸಿಕ್ಕಿತ್ತು, ಕೆಲವು ದೃಶ್ಯಗಳ ಚಿತ್ರ ಮಾತ್ರ ಸಿಗಲಿಲ್ಲ. ಅಂಥ ಕಡೆ ಸ್ಥಿರಚಿತ್ರಗಳನ್ನು ಇಟ್ಟಿದ್ದಾರೆ. ನೀವು ಈ ಪ್ರತಿಯನ್ನು ನೋಡುವಾಗ ತೆರೆ ಅಲ್ಲಲ್ಲಿ ನಿಂತುಹೋಗುತ್ತದೆ. ಮಾತು ನಡೆಯುತ್ತಲೇ ಇರುತ್ತದೆ.