ಅಚ್ಚಿನ ಊರು, ಓದಿನ ಊರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳ ಸಣ್ಣ ಪತ್ರಿಕೆಗಳ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಅವುಗಳನ್ನು ಯಾವ ಊರಿನ ಹೆಸರಿನಡಿ ಹುಡುಕಬೇಕೆಂಬುದು. ಈ ಊರುಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ, ಅವುಗಳಿಗೆ ಸಂಬಂಧಿಸಿದ ಕಡತಗಳೂ ಹೈದರಾಬಾದಿಗೆ ಅಷ್ಟು, ಬೆಂಗಳೂರಿಗೆ ಇಷ್ಟು ಎಂಬಂತೆ ಹಂಚಿಹೋಗಿವೆ. ನಿಜಾಮರ ಕಾಲದವನ್ನು ನೋಡಲು ಉರ್ದು ಓದಲು ಬರಬೇಕು.

ಪತ್ರಿಕೆ ಇಲ್ಲಿಗೆ ಹೊರಗಿನಿಂದ ಬರುವ ದಾರಿಯನ್ನು ರೈಲು ಹಾಕಿಕೊಟ್ಟಿತು. ಮುಂಬೈ–ಮದ್ರಾಸ್ ಮಾರ್ಗದಲ್ಲಿದ್ದ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ರೈಲುಮಾರ್ಗ ತೆರೆದುಕೊಂಡಾಗ ಚಿತ್ತಾಪುರ, ಸೇಡಂಗಳು ರಾಜಧಾನಿಗೆ ನೇರವಾಗಿ ಕೂಡಿಕೊಂಡವು. ಶಹಾಬಾದ್ ಮುಖ್ಯ ಮಾರ್ಗದಲ್ಲಿಯೇ ಇತ್ತು. ಚಿಂಚೋಳಿಗೆ ಮಾತ್ರ ರೈಲು ಬರಲಿಲ್ಲ. ಹೈದರಾಬಾದಿನ ಉರ್ದು ಪತ್ರಿಕೆಗಳು ಶಿಲಾಮುದ್ರಣದಲ್ಲಿ, ಅಂದರೆ ಕಾತಿಬ್ ಎಂಬ ಲಿಪಿಕಾರನು ಕೈಯಿಂದ ಬರೆದ ಪುಟವನ್ನು ನಯಗೊಳಿಸಿದ ಕಲ್ಲಿನ ಮೇಲಿಳಿಸಿ ಅಚ್ಚೊತ್ತುವ ಕ್ರಮದಲ್ಲಿ, ಹೊರಬರುತ್ತಿದ್ದವು. (ಶಹಾಬಾದ್ ಕಲ್ಲಿಗೇ ಹೆಸರಾದ ಊರಾದರೂ ಈ ಕೆಲಸಕ್ಕೆ ಹೆಸರಾದ ಕಲ್ಲು ಜರ್ಮನಿಯ ಬವೇರಿಯಾದ್ದು.) ಕನ್ನಡ ಪತ್ರಿಕೆಗೆ ಅಚ್ಚುಮೊಳೆಗಳು, ಅವನ್ನು ಜೋಡಿಸಬಲ್ಲ ಕೈಗಳು ಬೇಕಾಗಿದ್ದವು, ಹೀಗಾಗಿ ಅದು ಮುದ್ರಣಾಲಯವಿದ್ದ ಊರಿಗೆ ಕಟ್ಟುಬಿದ್ದಿತು. ಭಾರತದಲ್ಲಿ ವಿಲೀನವಾಗಬೇಕೆಂದು ಬರೆಯುತ್ತಿದ್ದ ‘ಇಮ್ರೋಜ್’ ಸಂಪಾದಕ ಶೋಯೆಬುಲ್ಲಾ ಖಾನರು 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಲೆಯಾದ ಕಾಲದಲ್ಲಿ, ತಾಲ್ಲೂಕಿನಲ್ಲಿ ಕುಳಿತು ಪತ್ರಿಕೆ ನಡೆಸುವುದು ಎಷ್ಟು ಕಷ್ಟವಿದ್ದಿರಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ವಾತಂತ್ರ್ಯಾನಂತರ ಇಲ್ಲಿಗೂ ಅನ್ವಯವಾದ 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯು ಪ್ರತಿ ಸಂಚಿಕೆಯಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರುಗಳನ್ನೂ ಅಚ್ಚಾದ ಮತ್ತು ಪ್ರಕಟವಾದ ಸ್ಥಳಗಳನ್ನೂ ಕೊಡಬೇಕೆಂದು ವಿಧಿಸಿತ್ತು. ಕೊನೆಯ ಪುಟದ ಅಡಿಯಲ್ಲಿ, ಓದುಗರು ಕಣ್ಣುಹಾಯಿಸದ ಸಣ್ಣಕ್ಷರಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ಸಾಲೇ ಸಂಶೋಧಕರಿಗೆ ಮೊದಲ ಆಧಾರ. ಮೂರು ತಿಂಗಳಲ್ಲಿ ಬರಬೇಕಾದ ಸಂಚಿಕೆಗಳ ಅರ್ಧದಷ್ಟೂ ಬಾರದಿದ್ದರೆ ವಾರಪತ್ರಿಕೆಯ ಘೋಷಣೆ, ಎಂದರೆ ಪ್ರಕಾಶಕನು ಜಿಲ್ಲಾ ದಂಡಾಧಿಕಾರಿಗೆ ಸಲ್ಲಿಸಿದ ಲಿಖಿತ ಹೇಳಿಕೆ, ತಾನಾಗಿಯೇ ಬಿದ್ದುಹೋಗುತ್ತಿತ್ತು. 1956ರಿಂದ ಕೆಲಸ ಮಾಡಿದ ಪತ್ರಿಕಾ ನೋಂದಣಾಧಿಕಾರಿಯ ಕಚೇರಿಯು ಭಾಷೆ, ಅವಧಿ, ಪ್ರಕಟಣೆಯ ಸ್ಥಳಗಳನ್ನು ಹಿಡಿದು ಪತ್ರಿಕೆಗಳನ್ನು ವಿಂಗಡಿಸಿದರೆ, ರಾಜ್ಯದ ವಾರ್ತಾ ಇಲಾಖೆಯು ಜಾಹೀರಾತು ಹಂಚಲು ರಾಜ್ಯ ಮಟ್ಟದ, ಪ್ರಾದೇಶಿಕ, ಜಿಲ್ಲಾ ಮಟ್ಟದ ಎಂಬ ಪಂಕ್ತಿಗಳನ್ನು ಮಾಡಿಕೊಂಡಿತು. ಆಡಳಿತಕ್ಕೆ ಇದು ಸಾಲುತ್ತದೆ, ಇತಿಹಾಸಕ್ಕೆ ಸಾಲದು. ಚಿಂಚೋಳಿಯವರಿಗಾಗಿ ಬರೆದು ಕಲಬುರಗಿಯಲ್ಲಿ ಅಚ್ಚುಹಾಕಿ ಪ್ರಕಟಿಸಿದ ಪತ್ರಿಕೆ ಇಲ್ಲಿ ಕಲಬುರಗಿಯದೇ ಆಗಿಬಿಡುತ್ತದೆ.

ಪತ್ರಿಕೆಯ ಓದಿನ ಊರನ್ನು ಅದರ ಒಳಪುಟಗಳಿಂದಲೇ ಗುರುತಿಸಬೇಕಾಗುತ್ತದೆ. ತೊಗರಿಯ ಧಾರಣೆ ಯಾವ ಮಾರುಕಟ್ಟೆಯದು, ನ್ಯಾಯಾಲಯದ ಪ್ರಕಟಣೆ ಯಾವ ತಾಲ್ಲೂಕಿನದು, ಶುಭಾಶಯದ ಜಾಹೀರಾತು ಕೊಟ್ಟ ಅಂಗಡಿ ಎಲ್ಲಿಯದು ಎಂಬುದನ್ನು ನೋಡಿದರೆ ಸಂಪಾದಕೀಯಕ್ಕಿಂತ ಹೆಚ್ಚು ತಿಳಿಯುತ್ತದೆ. ಸಿಮೆಂಟ್ ಕಾರ್ಖಾನೆಗಳ ವಾಡಿ–ಶಹಾಬಾದಿನಲ್ಲಿ ಕಾರ್ಮಿಕ ಸಂಘದ ಸುದ್ದಿ, ಚಿಂಚೋಳಿಯಲ್ಲಿ ಅರಣ್ಯ ಮತ್ತು ತಾಂಡಾಗಳ ಸುದ್ದಿ ಇಂಥದೇ ಗುರುತುಗಳು.

1867ರ ಕಾಯ್ದೆಯನ್ನು ಬದಲಿಸಿದ 2023ರ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದು, ನೋಂದಣಿಯು ಆನ್‌ಲೈನಿಗೆ ಸರಿದಿದೆ. ಹಳೆಯ ಘೋಷಣೆಗೆ ಎರಡು ಮೂಲಪ್ರತಿಗಳಿದ್ದು, ಒಂದು ದಂಡಾಧಿಕಾರಿಯ ಕಚೇರಿಯಲ್ಲಿ, ಇನ್ನೊಂದು ಉಚ್ಚ ನ್ಯಾಯಾಲಯದಲ್ಲಿ ಅಥವಾ ಪ್ರಧಾನ ಸಿವಿಲ್ ನ್ಯಾಯಾಲಯದಲ್ಲಿ ಇಡಬೇಕೆಂಬ ನಿಯಮವಿದ್ದುದರಿಂದ, ಸಂಚಿಕೆಗಳೇ ಸಿಗದ ಪತ್ರಿಕೆಗಳ ಹೆಸರುಗಳನ್ನು ಹುಡುಕುವವರು ಆ ಎರಡೂ ಕಡೆಯ ಕಟ್ಟುಗಳನ್ನು ಬಿಚ್ಚಿ ಒಂದಕ್ಕೊಂದು ತಾಳೆ ನೋಡಬೇಕಾಗುತ್ತದೆ.