ನಮ್ಮ ಸೀಮೆಯ ಒರತೆ ನೀರು: ಉಗಮ ಮತ್ತು ಖನಿಜಾಂಶ

ಕಡೂರು, ತರೀಕೆರೆ, ಅಜ್ಜಂಪುರಗಳ ಚರಿತ್ರೆಯನ್ನು ಬರೆಯುವವರು ಅರಸರಿಂದಲೂ ಶಾಸನಗಳಿಂದಲೂ ಆರಂಭಿಸುವುದು ವಾಡಿಕೆ. ಆದರೆ ಈ ಸೀಮೆಯಲ್ಲಿ ಊರುಗಳು ನೆಲೆನಿಲ್ಲಲು ಮೂಲ ಆಧಾರವಾದುದು ನೀರು. ಆ ನೀರು ಎಲ್ಲಿಂದ ಬಂದಿತು, ಅದರ ಗುಣವೇನು ಎಂಬುದನ್ನು ಅರಿಯುವುದು ನಮಗೆ ಅವಶ್ಯಕವಾಗಿದೆ.

ಪಶ್ಚಿಮದಲ್ಲಿ ಕೋಟೆಯಂತೆ ನಿಂತಿರುವ ಬಾಬಾಬುಡನ್ ಗಿರಿಶ್ರೇಣಿಯ ಶಿಲೆಗಳು 250 ಕೋಟಿ ವರ್ಷಗಳಿಗಿಂತಲೂ ಪುರಾತನವಾದುವು. ಅದರ ನೆತ್ತಿಯಲ್ಲಿ ಕಬ್ಬಿಣದ ಅದಿರಿನ ಪದರಗಳಿವೆ. ಕೆಮ್ಮಣ್ಣುಗುಂಡಿಯ ಹೆಸರೇ ಇದಕ್ಕೆ ಸಾಕ್ಷಿ. ಮುಂಗಾರಿನ ಮಳೆನೀರು ಜಂಬಿಟ್ಟಿಗೆಯ ಮೂಲಕ ಇಂಗಿ, ಶಿಲೆಯ ಬಿರುಕುಗಳಲ್ಲಿ ಇಳಿದು, ಗಟ್ಟಿಯಾದ ಪದರವು ಅಡ್ಡಬಂದೆಡೆ ಇಳಿಜಾರಿನಲ್ಲಿ ಒರತೆಯಾಗಿ ಹೊಮ್ಮುತ್ತದೆ. ಈ ಶಿಲೆಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ನೀರೂ ಅಲ್ಲಿ ದೀರ್ಘಕಾಲ ನಿಲ್ಲುವುದಿಲ್ಲ. ಆದುದರಿಂದ ಇಂತಹ ಒರತೆಯಲ್ಲಿ ಲವಣಾಂಶವು ಅಲ್ಪ, ಅದು ಮೆದುನೀರು. ಸಾಬೂನು ಚೆನ್ನಾಗಿ ನೊರೆಯುತ್ತದೆ, ಬೇಳೆ ಬೇಗ ಬೇಯುತ್ತದೆ. ಕೆಲವೆಡೆ ಕಾಣುವ ಕೆಂಪು ಗಸಿಯು, ಕರಗಿದ ಕಬ್ಬಿಣವು ಗಾಳಿಯ ಸೋಂಕಿನಿಂದ ತುಕ್ಕಾಗಿ ತಂಗಿದುದು.

ಈ ಗಿರಿಯಲ್ಲಿ ಹುಟ್ಟುವ ವೇದಾ ನದಿಯನ್ನು ಸಖರಾಯಪಟ್ಟಣದ ಬಳಿ ಅಯ್ಯನಕೆರೆಯೂ, ಆವತಿಯನ್ನು ಮದಗದ ಕೆರೆಯೂ ತಡೆದು ನಿಲ್ಲಿಸಿದುವು. ಕಡೂರಿನ ಸಮೀಪ ಇವೆರಡೂ ಕೂಡಿ ವೇದಾವತಿಯಾಗುತ್ತವೆ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರವು ಈ ನದಿಯದೇ. ಹಿರಿಯರು ಕಟ್ಟಿದ ಕೆರೆಗಳು ಬೆಳೆಗೆ ನೀರೆರೆದುದಲ್ಲದೆ, ಸುತ್ತಲಿನ ತೆರೆದ ಬಾವಿಗಳಿಗೂ ಹೊಸ ನೀರನ್ನು ಊಡಿದುವು.

ಬಯಲಿನ ನೆಲದಡಿಯ ಸ್ಥಿತಿ ಬೇರೆ. ಅಲ್ಲಿ ಹರಡಿರುವ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಬಿರುಕುಗಳಲ್ಲಿ ನೀರು ಬಹುಕಾಲ ತಂಗಿ, ಸುಣ್ಣ, ಮೆಗ್ನೀಸಿಯಂಗಳನ್ನು ಹೀರಿ ಗಡುಸಾಗುತ್ತದೆ. ಕೆಲವೆಡೆ ಫ್ಲೋರೈಡ್ ಕೂಡ ಬೆರೆಯುತ್ತದೆ. ಕೆರೆಗಳು ಹೂಳು ತುಂಬಿ, ತೆರೆದ ಬಾವಿಗಳು ಬತ್ತಿ, ನೂರಾರು ಅಡಿಯ ಕೊಳವೆಬಾವಿಗಳು ಬಂದಂತೆ ನಾವು ಈ ಹಳೆಯ ನೀರನ್ನು ಕುಡಿಯತೊಡಗಿದೆವು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಮ್ಮತ. ಬೇರೆ ನೀರಿಲ್ಲದಾಗ 1.5ರವರೆಗೆ ಸಹ್ಯವೆಂದು ಭಾರತೀಯ ಮಾನಕವು ಹೇಳುತ್ತದೆ. ಮಿತಿ ಮೀರಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ; ವರ್ಷಗಳು ಕಳೆದಂತೆ ಮೂಳೆ, ಕೀಲುಗಳು ಬಿಗಿಯುತ್ತವೆ. ಇದು ರುಚಿಯಿಂದ ತಿಳಿಯದು. ಕುದಿಸಿದರೆ ಹೋಗದು, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ.

2019ರಲ್ಲಿ ಭದ್ರೆಯ ನೀರು ಅಜ್ಜಂಪುರದ ಸುರಂಗವನ್ನು ದಾಟಿ ವಾಣಿವಿಲಾಸ ಸಾಗರದ ಕಡೆಗೆ ಹರಿಯಿತು. ಇದು ಸಂತೋಷದ ವಿಷಯವೇ ಸರಿ. ಆದರೆ ದೂರದ ನದಿಯೊಂದನ್ನೇ ನಂಬಿ ಕೈಕಟ್ಟಿ ಕೂರುವುದು ಉಚಿತವಲ್ಲ. ಕೆರೆಯ ಹೂಳೆತ್ತುವುದು, ಮಾಡಿನ ಮಳೆನೀರನ್ನು ಶುಚಿಯಾಗಿ ಸಂಗ್ರಹಿಸುವುದು, ಕುಡಿಯುವ ಮೊದಲು ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸುವುದು, ಇವು ಪ್ರತಿಯೊಂದು ಊರಿನ ಕೈಲಾಗುವ ಕೆಲಸಗಳು. ಗಿರಿಯು ಮೆದುನೀರನ್ನೇ ಕೊಡುತ್ತಿದೆ. ಅದನ್ನು ಮೇಲೆಯೇ ಹಿಡಿದಿಟ್ಟುಕೊಳ್ಳುವ ಜಾಣ್ಮೆಯನ್ನು ಹಿರಿಯರಿಂದ ನಾವು ಮರಳಿ ಕಲಿಯಬೇಕಾಗಿದೆ.