ಗಂಗಾವತಿ ಸೀಮೆಯ ಹಾಸ್ಯಗಾರರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಜನರನ್ನು ನಗಿಸಿ ಹೊಟ್ಟೆ ಹೊರೆಯುವ ಕಸುಬು ಸಿನಿಮಾಕ್ಕಿಂತ, ಕಂಪನಿ ನಾಟಕಕ್ಕಿಂತ ಹಳೆಯದು. ಇಲ್ಲಿಯ ಮೊದಲ ಹಾಸ್ಯಗಾರ ಮನುಷ್ಯನಲ್ಲ, ತೊಗಲಿನ ಗೊಂಬೆ. ತೊಗಲುಗೊಂಬೆಯಾಟದಲ್ಲಿ ಗಣಪತಿ, ಸರಸ್ವತಿ ಬಂದು ಪೂಜೆ ಪಡೆದು ಹೋದ ಮೇಲೆ, ಕಥೆ ಶುರುವಾಗುವ ಮುಂಚೆ ಪರದೆಯ ಮೇಲೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬರುತ್ತಾರೆ. ಕರಿ ಮೈ, ಕೆದರಿದ ಕೂದಲು, ದಪ್ಪ ತುಟಿ, ಡೊಳ್ಳು ಹೊಟ್ಟೆ. ಇಬ್ಬರೂ ಜಗಳಾಡುತ್ತಾರೆ, ಬೈದಾಡುತ್ತಾರೆ, ಊರಿನ ಸುದ್ದಿಯನ್ನೆಲ್ಲ ಎತ್ತಿ ಆಡುತ್ತಾರೆ. ರಾಮನೂ ರಾವಣನೂ ಪದದಲ್ಲಿ, ಏರಿದ ಮಾತಿನಲ್ಲಿ ಮಾತಾಡಿದರೆ ಈ ಜೋಡಿ ಮಾತಾಡುವುದು ಎದುರಿಗೆ ಕೂತ ಜನರ ಮಾತನ್ನೇ. ಆಡಿಸುವ ಸಮುದಾಯವನ್ನು ಜನ ಈ ಗೊಂಬೆಯ ಹೆಸರಿನಿಂದಲೇ ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದು ಕರೆದದ್ದರಲ್ಲೇ ಹಾಸ್ಯಗಾರನ ತೂಕ ಎಷ್ಟಿತ್ತೆಂಬುದು ಕಾಣುತ್ತದೆ. ಕೊಪ್ಪಳ ತಾಲ್ಲೂಕಿನ ಮೋರನಾಳ ಈ ಆಟಕ್ಕೆ ಹೆಸರಾದ ಊರು. ಅಲ್ಲಿಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ರಾಮಾಯಣ, ಮಹಾಭಾರತದ ಗೊಂಬೆಗಳನ್ನು ಹೊರದೇಶಗಳವರೆಗೂ ಒಯ್ದವರು. 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರಿಗೆ ಪದ್ಮಶ್ರೀ ಬಂತು.

ಬಯಲಾಟದಲ್ಲಿ ಇದೇ ಕೆಲಸ ಸಾರಥಿಯದು. ರಂಗಕ್ಕೆ ಬರುವ ಪ್ರತಿ ಪಾತ್ರವನ್ನೂ ಅವನು ತಡೆದು ನಿಲ್ಲಿಸಿ, ನೀನು ಯಾರು, ಎಲ್ಲಿಂದ ಬಂದೆ ಎಂದು ಕೇಳಬೇಕು. ಕಿರೀಟ, ಭುಜಕೀರ್ತಿ ಹೊತ್ತ ರಾಜ ಉದ್ದುದ್ದ ಸಂಸ್ಕೃತ ಪದಗಳಲ್ಲಿ ತನ್ನ ಬಿರುದು ಹೇಳಿಕೊಂಡರೆ, ಸಾರಥಿ ಅದನ್ನು ಹೊಲದ ಮಾತಿಗೆ ಇಳಿಸಿ ಜನರನ್ನು ನಗಿಸುತ್ತಾನೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ತೂಕಡಿಸುವವರನ್ನು ಎಬ್ಬಿಸುವುದು, ವೇಷ ಬರುವುದು ತಡವಾದರೆ ಮಾತಿನಲ್ಲಿ ಹೊತ್ತು ಕಳೆಯುವುದು, ಕಥೆಯ ಎಳೆ ತಪ್ಪಿದರೆ ಕೂಡಿಸುವುದು, ಎಲ್ಲವೂ ಅವನ ಹೆಗಲ ಮೇಲೆ. ಕುಣಿತ, ಹಾಡು ಕಲಿಸಲು ಮಾಸ್ತರರಿರುತ್ತಿದ್ದರು. ಸಾರಥಿಯ ಮಾತು ಮಾತ್ರ ಬಹುಪಾಲು ಬರೆದಿಟ್ಟದ್ದಲ್ಲ. ಬಯಲಾಟದ ಪುಸ್ತಕಗಳನ್ನು ಓದಿದವರಿಗೆ ಅದರ ಹಾಸ್ಯ ಸಿಕ್ಕದಿರುವುದಕ್ಕೆ ಕಾರಣ ಇದೇ. ಪ್ರತಿ ರಾತ್ರಿ ಹುಟ್ಟಿ ಅದೇ ರಾತ್ರಿ ಮುಗಿದುಹೋಗುತ್ತಿದ್ದ ಆ ಮಾತುಗಳನ್ನು ಯಾರೂ ಕೂಡಿಡಲಿಲ್ಲ. ಕನ್ನಡ ರಂಗಭೂಮಿಯ ದೊಡ್ಡ ನಷ್ಟಗಳಲ್ಲಿ ಇದೂ ಒಂದು.

ಬಯಲಾಟದ ನಂತರದ ಘಟ್ಟ ಕಂಪನಿ ನಾಟಕದ್ದು. 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ನಾಟಕ ಮಂಡಳಿ ಕಟ್ಟಿದರು. ಮರಾಠಿ ನಾಟಕಗಳ ಅಬ್ಬರಕ್ಕೆ ಕನ್ನಡದ ಉತ್ತರ ಕೊಡುವುದು ಅವರ ಹಂಬಲವಾಗಿತ್ತು. ಗದಗು ಮುಂಬೈ ಪ್ರಾಂತದಲ್ಲಿತ್ತು, ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಕಚೇರಿಯ ಭಾಷೆ ಉರ್ದುವಾಗಿದ್ದ ಈ ಕಡೆ ಕನ್ನಡವನ್ನು ಎತ್ತರದ ದನಿಯಲ್ಲಿ ಕೇಳುವ ಜಾಗಗಳು ಕಡಿಮೆ. ನಾಟಕ ಅಂಥದೊಂದು ಜಾಗವಾಯಿತು. ಗದಗು–ಹೊಸಪೇಟೆ ರೈಲುದಾರಿ ಕೊಪ್ಪಳದ ಮೇಲೆ ಹಾದುಹೋಗುತ್ತಿದ್ದುದರಿಂದ ಕಂಪನಿಗಳ ಪರದೆ, ಪೆಟ್ಟಿಗೆಗಳಿಗೆ ಅಲ್ಲಿಯ ದಾರಿ ಸುಲಭವಿತ್ತು. ಗಂಗಾವತಿಗೆ ರೈಲು ಬಂದದ್ದು ತೀರ ಈಚೆಗೆ. ಕುಷ್ಟಗಿ, ಯಲಬುರ್ಗಾ ಕಡೆಯವರು ನಾಟಕ ನೋಡಲು ಬಾದಾಮಿ ಬನಶಂಕರಿ ಜಾತ್ರೆಗೆ ಹೋಗುವುದೂ ಇತ್ತು. ಹಲವು ಕಂಪನಿಗಳು ಒಟ್ಟಿಗೆ ಮೊಕ್ಕಾಂ ಹೂಡಿ ಎದುರುಬದುರು ಆಡುವ ಪದ್ಧತಿ ಆ ಜಾತ್ರೆಯಲ್ಲಿ ಇಂದಿಗೂ ಇದೆ.

ಕಂಪನಿ ನಾಟಕ ಹಾಸ್ಯಗಾರನಿಗೆ ಮೊದಲ ಬಾರಿಗೆ ಸಂಬಳ, ಹೆಸರು, ಗೋಡೆಯ ಮೇಲಿನ ಜಾಹೀರಾತಿನಲ್ಲಿ ಜಾಗ ಕೊಟ್ಟಿತು. ಮುಖ್ಯ ಕಥೆಗೆ ಸಂಬಂಧವಿದ್ದೂ ಇಲ್ಲದಂಥ ಒಂದು ಹಾಸ್ಯದ ಎಳೆ ಪ್ರತಿ ನಾಟಕದಲ್ಲೂ ಇರುತ್ತಿತ್ತು. ಹಿಂದೆ ದರ್ಬಾರಿನ ಸೀನು ಸಜ್ಜಾಗುವವರೆಗೆ ಮುಂದಿನ ಪರದೆಯ ಎದುರು ಹಾಸ್ಯಗಾರ ನಿಲ್ಲಬೇಕಿತ್ತು. ರಂಗಸಜ್ಜಿಕೆಯ ಅಗತ್ಯವೇ ಅವನಿಗೆ ಅವಕಾಶವಾಯಿತು. ಅವನ ಸಲುವಾಗಿಯೇ ಟಿಕೀಟು ಕೊಳ್ಳುವವರೂ ಇದ್ದುದರಿಂದ ಮಾಲೀಕರಿಗೆ ಅವನನ್ನು ಬಿಡುವಂತಿರಲಿಲ್ಲ. ಮೈಸೂರು ಕಡೆ ಗುಬ್ಬಿ ವೀರಣ್ಣನವರು ಮಾಲೀಕರೂ ಹಾಸ್ಯನಟರೂ ಒಬ್ಬರೇ ಆಗಿ ದೊಡ್ಡ ಸಂಸ್ಥೆಯನ್ನೇ ನಡೆಸಿದರು. ‘ಸದಾರಮೆ’ಯಲ್ಲಿ ಅವರ ಕಳ್ಳನ ಪಾತ್ರ ನಾಯಕನ ಪಾತ್ರಕ್ಕಿಂತ ಹೆಚ್ಚು ಹೆಸರಾಯಿತು. ಕುಷ್ಟಗಿಗೆ ಹತ್ತಿರದ ಹುನಗುಂದ ಸೀಮೆಯಿಂದ ಬಂದ ಪಿ.ಬಿ. ಧುತ್ತರಗಿಯವರ ನಾಟಕಗಳು ಕಂಪನಿಗಳಲ್ಲೂ ಹಳ್ಳಿಯ ಹವ್ಯಾಸಿಗಳಲ್ಲೂ ಲೆಕ್ಕವಿಲ್ಲದಷ್ಟು ಸಲ ರಂಗಕ್ಕೆ ಬಂದವು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಆಯಿತು. ಊರ ಜಾತ್ರೆಗೆ ಪರದೆ ಬಾಡಿಗೆಗೆ ತಂದು, ಹಾರ್ಮೋನಿಯಂ ಮಾಸ್ತರರನ್ನು ಕರೆಸಿ ನಾಟಕ ಮಾಡುವ ರೂಢಿ ಈ ಭಾಗದಲ್ಲಿ ಉಳಿದದ್ದು ಇಂಥ ನಾಟಕಕಾರರಿಂದ. ಊರವರೇ ಆಡುವಾಗಲೂ ಹಾಸ್ಯದ ಪಾತ್ರ ಕಂಡಕಂಡವರ ಕೈಗೆ ಹೋಗುತ್ತಿರಲಿಲ್ಲ. ರಾಜನ ಪಾತ್ರ ಕೆಟ್ಟರೆ ಜನ ಸಹಿಸುತ್ತಾರೆ, ಹಾಸ್ಯ ಕೆಟ್ಟರೆ ಎದ್ದು ಹೋಗುತ್ತಾರೆ.

ಕಂಪನಿ ನಾಟಕದ ಹಾಸ್ಯ ಪರಂಪರೆಯನ್ನು ಬೆಳ್ಳಿಪರದೆಗೆ ಒಯ್ದವರಲ್ಲಿ ಮೊದಲು ಹೇಳಬೇಕಾದ ಹೆಸರು ನರಸಿಂಹರಾಜು. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ನಾಟಕ ಕಂಪನಿ ಸೇರಿ, ಬಾಲಪಾತ್ರಗಳಿಂದ ಶುರುಮಾಡಿ ಹಾಸ್ಯಕ್ಕೆ ಬಂದವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ನಾಯಕರಾದರು, ನರಸಿಂಹರಾಜು ಅರ್ಚಕನ ಮಗ ಕಾಶಿಯಾದರು. ಸಣಕಲು ಮೈ, ಮುಂದೆ ಚಾಚಿದ ಹಲ್ಲು, ಚುರುಕು ಕಣ್ಣು ಅವರ ಬಂಡವಾಳ. ಆ ಮೈಯನ್ನು ಅವರು ಬರೀ ಗೇಲಿಗೆ ಒಡ್ಡಲಿಲ್ಲ. ‘ಸತ್ಯ ಹರಿಶ್ಚಂದ್ರ’ದ (1965) ನಕ್ಷತ್ರಿಕನಲ್ಲಿ ಕಾಡುವವನ ಹಟ, ನಗು ಎರಡನ್ನೂ ಒಂದೇ ಮುಖದಲ್ಲಿ ತಂದರು. ‘ಶ್ರೀ ಕೃಷ್ಣದೇವರಾಯ’ದಲ್ಲಿ (1970) ತೆನಾಲಿ ರಾಮಕೃಷ್ಣನಾದರು. ಗಂಗಾವತಿಯ ಪಕ್ಕದ ಆನೆಗೊಂದಿ, ಹೊಳೆಯಾಚೆಯ ಹಂಪಿ ಸೇರಿದ ವಿಜಯನಗರದ ನೆಲದಲ್ಲಿ ವಿಕಟಕವಿಯ ಕಥೆ ಮನೆಮಾತು. ಸಿನಿಮಾದ ಕೆಲಸ ಕಡಿಮೆಯಾದಾಗ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಮತ್ತು ನರಸಿಂಹರಾಜು ಕಲಾವಿದರ ಸಂಘ ಕಟ್ಟಿ ಊರೂರು ತಿರುಗಿ ನಾಟಕವಾಡಿದರು. ಆ ಒಗ್ಗಟ್ಟಿನಿಂದ 1960ರಲ್ಲಿ ‘ರಣಧೀರ ಕಂಠೀರವ’ ಬಂತು. 1967ರ ‘ನಕ್ಕರೆ ಅದೇ ಸ್ವರ್ಗ’ದಲ್ಲಿ ಅವರೇ ನಾಯಕ. ಹಾಸ್ಯನಟನೊಬ್ಬ ಕಥೆಯ ನಡುವೆ ನಿಲ್ಲಬಲ್ಲ ಎಂಬುದು ಅಲ್ಲಿ ಗಟ್ಟಿಯಾಯಿತು. 1979ರಲ್ಲಿ ಅವರು ತೀರಿಕೊಂಡಾಗ ಐವತ್ತಾರು ತುಂಬಿರಲಿಲ್ಲ.

ಬೇರೆ ದೇಶಗಳಲ್ಲೂ ಮಾತಿನ ಸಿನಿಮಾ ಮೊದಲು ಹುಡುಕಿದ್ದು ರಂಗದ ಹಾಸ್ಯಗಾರರನ್ನೇ. ಹಂಗೇರಿಯ ಗ್ಯೂಲಾ ಕಾಬೋಶ್ ಬುಡಾಪೆಸ್ಟಿನ ರಂಗದಿಂದ ಬಂದು 1931ರ ‘ಹಿಪ್ಪೋಲಿಟ್’ ಚಿತ್ರದಿಂದ ಆ ದೇಶದ ಮೆಚ್ಚಿನ ನಟರಾದರು. ಯಹೂದಿಗಳ ವಿರುದ್ಧದ ಕಾಯ್ದೆಗಳಿಂದ ಅವರು ಅಮೆರಿಕಕ್ಕೆ ಹೋಗಬೇಕಾಯಿತು. ತಮ್ಮ ಮಾತು ಬಲ್ಲ ಜನಸಾಗರ ಅಲ್ಲಿಲ್ಲದೆ, 1941ರಲ್ಲಿ ನ್ಯೂಯಾರ್ಕಿನಲ್ಲಿ ಸತ್ತರು. ಹಾಡುಗಾರನಿಗೆ, ಕುಣಿಯುವವನಿಗೆ ಪರಭಾಷೆಯ ಊರಲ್ಲೂ ಅನ್ನ ಹುಟ್ಟೀತು, ಮಾತಿನ ಹಾಸ್ಯಗಾರನಿಗೆ ಅದು ಕಷ್ಟ. ಕನ್ನಡದೊಳಗೇ ಈ ಕಷ್ಟ ಇತ್ತು. ಸಿನಿಮಾದ ಕನ್ನಡ ಹಳೇ ಮೈಸೂರಿನದಾಗಿದ್ದರಿಂದ ಉತ್ತರದ ಮಾತು ಪರದೆಯ ಮೇಲೆ ಬಹುಕಾಲ ಆಳು, ಕಾವಲುಗಾರ, ಹಳ್ಳಿಗನ ಪಾತ್ರಗಳಿಗೆ ಮೀಸಲಾಯಿತು. ಬೀದರ್ ಕಡೆಯ ವೈಜನಾಥ ಬಿರಾದಾರ ಅವರಂಥ ಸಮರ್ಥ ನಟ ವರ್ಷಗಟ್ಟಲೆ ಭಿಕ್ಷುಕನ ಚಿಕ್ಕ ಪಾತ್ರಗಳಲ್ಲೇ ಕಾಣಿಸಿಕೊಳ್ಳಬೇಕಾಯಿತು. ಗಿರೀಶ ಕಾಸರವಳ್ಳಿಯವರ ‘ಕನಸೆಂಬೋ ಕುದುರೆಯನ್ನೇರಿ’ ಅವರ ನಿಜವಾದ ಅಳತೆಯನ್ನು ತೋರಿಸಿತು. ಉತ್ತರದ ನಟರನ್ನು ಹೀಗೆ ಚಿಕ್ಕ ಪಾತ್ರಗಳಿಗೆ ಕಟ್ಟಿಹಾಕಿದ್ದು ಕನ್ನಡ ಚಿತ್ರರಂಗ ಉತ್ತರಕ್ಕೆ ಮಾಡಿದ ಅನ್ಯಾಯ.

ಸಿನಿಮಾ ಹೀಗೆ ಬೆಳೆಯುತ್ತಿದ್ದ ಕಾಲಕ್ಕೇ ಗಂಗಾವತಿಯೂ ಬದಲಾಗುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆ ಕಾಲುವೆಗೆ ಹರಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು, ಅಕ್ಕಿ ಗಿರಣಿಗಳು ಎದ್ದವು. ಸಂತೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಬೆರೆತವು. ತೆಲುಗು ಸಿನಿಮಾಗಳು ಜನರನ್ನು ಸೆಳೆದವು. ಕಂಪನಿಗಳು ಸೊರಗುತ್ತ, ದ್ವಂದ್ವಾರ್ಥದ ಹಾಸ್ಯದ ಮೇಲೆ ಕಲೆಕ್ಷನ್ ನಂಬಿದವು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನಗುವ ಜಾಗ ಖಾಲಿಯಾಯಿತು.

ಅದನ್ನು ತುಂಬಿದವರು ಗಂಗಾವತಿಯ ಪ್ರಾಣೇಶ್. ಅವರ ಬುನಾದಿ ಬೀಚಿ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡ ರಾಯಸಂ ಭೀಮಸೇನರಾಯರು ಬೀಚಿ ಎಂಬ ಹೆಸರಿನಲ್ಲಿ ಬರೆದು, ತಿಂಮ ಎಂಬ ಪಾತ್ರದ ಬಾಯಲ್ಲಿ ಸಮಾಜದ ಸೋಗನ್ನು ಬಯಲಿಗೆಳೆದರು. ಓದುವ ಈ ಹಾಸ್ಯವನ್ನು ಕೇಳುವ ಹಾಸ್ಯವಾಗಿ ಮಾಡಿದ್ದು ಪ್ರಾಣೇಶರ ಹೆಚ್ಚುಗಾರಿಕೆ. ಬೀಚಿಯ ಮಾತುಗಳನ್ನು ಹೇಳುತ್ತ ವೇದಿಕೆ ಏರಿದ ಅವರಿಗೆ ‘ಅಭಿನವ ಬೀಚಿ’ ಎಂಬ ಹೆಸರು ಅಂಟಿತು. ಬಳಿಕ ತಮ್ಮ ಊರಿನ ಶಾಲೆ, ಮದುವೆಮನೆ, ಬಸ್ಸು, ಬಡತನಗಳನ್ನೇ ಸರಕು ಮಾಡಿಕೊಂಡರು. ವೇಷವಿಲ್ಲ, ಪರದೆಯಿಲ್ಲ, ನಾಯಕನೂ ಇಲ್ಲ. ಒಂದು ಮೈಕು, ಒಬ್ಬ ಮನುಷ್ಯ. ಕಥೆಗಳ ನಡುವಿನ ಸಂದಿಯಲ್ಲಿ ನಿಂತಿದ್ದ ಹಾಸ್ಯಗಾರ ಇಲ್ಲಿ ಕಥೆಯನ್ನೇ ಬಿಟ್ಟು ಹೊರಬಂದ. ಸಿನಿಮಾದಲ್ಲಿ ಕೀಳಾಗಿ ಕಂಡ ಮಾತಿನ ಧಾಟಿಯೇ ಇಲ್ಲಿ ಯಜಮಾನನ ಧಾಟಿಯಾಯಿತು. ಬೆಂಗಳೂರು, ಮೈಸೂರಿನವರೂ ಅದನ್ನು ಕೇಳಲು ಕಿವಿ ಹೊಂದಿಸಿಕೊಂಡರು.

ನರಸಿಂಹ ಜೋಶಿ, ಬಸವರಾಜ ಮಹಾಮನಿ ಮೊದಲಾದವರು ಪ್ರಾಣೇಶರ ಜೊತೆಗೂಡಿದಾಗ ವೇದಿಕೆಯ ಈ ಹಾಸ್ಯ ಒಂದು ಪ್ರಕಾರವಾಗಿ ಬೆಳೆಯಿತು. ಒಬ್ಬರ ಮಾತು, ಒಬ್ಬರ ಮಿಮಿಕ್ರಿ ಸೇರಿ ಸಂಜೆಯೊಂದು ತುಂಬುತ್ತದೆ. ಜಾತ್ರೆ, ಗಣೇಶೋತ್ಸವ, ಮಠದ ಪುರಾಣ, ಕಾಲೇಜಿನ ವಾರ್ಷಿಕೋತ್ಸವಗಳು ಕರೆಸಿದವು. ಧ್ವನಿಸುರುಳಿಗಳು ಚಹದಂಗಡಿ, ಟ್ರ್ಯಾಕ್ಟರುಗಳವರೆಗೆ ಹೋದವು. ಹೊರದೇಶದ ಕನ್ನಡ ಸಂಘಗಳೂ ಕರೆದವು. 2011ರ ಡಿಸೆಂಬರಿನಲ್ಲಿ ಗಂಗಾವತಿಯಲ್ಲಿ 78ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಊರಿಗೆ ಭತ್ತದ ಹೆಸರಿನೊಂದಿಗೆ ನಗೆಯ ಹೆಸರೂ ಕೂಡಿಕೊಂಡಿತ್ತು. ಈಗ ಆ ಭಾಷಣಗಳು ತುಂಡುತುಂಡಾಗಿ ಮೊಬೈಲಿನಲ್ಲಿ ಓಡಾಡುತ್ತವೆ. ಟಿವಿಯ ಹಾಸ್ಯ ಸ್ಪರ್ಧೆಗಳಿಗೆ ಉತ್ತರ ಕರ್ನಾಟಕದ ಹುಡುಗ ಹುಡುಗಿಯರು ತಮ್ಮ ಮನೆಮಾತನ್ನು ತಿದ್ದಿಕೊಳ್ಳದೆ ಬರುತ್ತಿದ್ದಾರೆ.